ತೂಕದ ಯಂತ್ರಕ್ಕಿಂತ ಟೇಪು ಮೇಲು: ಜೀವಕೋಶಗಳಿಗೆ ಬೇಗ ಮುಪ್ಪು ಬರದಂತೆ ನೋಡಿಕೊಳ್ಳುವುದು ಹೇಗೆ?

ಮದುವೆಯಾದಾಗ ನನ್ನ ತೂಕ 62 ಕೆಜಿ. ಐವತ್ತು ದಾಟಿದ ಮೇಲೆ 64. ಇಷ್ಟು ವರ್ಷಕ್ಕೆ ಎರಡೇ ಕೆಜಿ ಜಾಸ್ತಿ, ಪರವಾಗಿಲ್ಲ ಅಂದುಕೊಂಡು ನೆಮ್ಮದಿಯಾಗಿದ್ದೆ. ಕಳೆದ ವರ್ಷ ಪ್ಯಾಂಟ್ ಹೊಲಿಸೋಕೆ ಹೋದಾಗ ದರ್ಜಿ ತನ್ನ ಹಳೇ ಅಳತೆ ಪುಸ್ತಕ ತೆಗೆದ. ಟೇಪು ಹಿಡಿದು ಸೊಂಟ ಅಳೆದ, ತೊಡೆ ಅಳೆದ, ಮತ್ತೆ ಪುಸ್ತಕ ನೋಡಿದ. "ಸಾರ್, ಸೊಂಟ ನಾಲ್ಕು ಇಂಚು ಜಾಸ್ತಿ ಆಗಿದೆ. ತೊಡೆ ಮಾತ್ರ ಕಮ್ಮಿ ಆಗಿದೆ" ಅಂದ.

ಆ ಮಾತು ಮನೆಗೆ ಬಂದ ಮೇಲೂ ತಲೆಯಲ್ಲೇ ಉಳಿಯಿತು. ತೂಕದ ಯಂತ್ರ ಇಷ್ಟು ವರ್ಷ ಸುಳ್ಳು ಹೇಳಿರಲಿಲ್ಲ. ಆದರೆ ಮುಖ್ಯವಾದ ವಿಷಯವನ್ನೂ ಹೇಳಿರಲಿಲ್ಲ. ಕಾಲಿನ ಮಾಂಸಖಂಡ ಕರಗಿತ್ತು, ಆ ಜಾಗದ ತೂಕವನ್ನು ಹೊಟ್ಟೆಯ ಕೊಬ್ಬು ತುಂಬಿಕೊಟ್ಟಿತ್ತು. ಜೀವಕೋಶಗಳಿಗೆ ಬೇಗ ವಯಸ್ಸಾಗೋದಕ್ಕೂ ಇವೆರಡಕ್ಕೂ ನಂಟಿದೆ. ಇದರ ಬಗ್ಗೆ ಓದಿದ್ದನ್ನೂ, ಕಳೆದ ಕೆಲವು ತಿಂಗಳು ಮನೆಯಲ್ಲಿ ಮಾಡಿ ನೋಡಿದ್ದನ್ನೂ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಬೊಜ್ಜಿಗೂ ಮುಪ್ಪಿಗೂ ಏನು ನಂಟು?

ಸೀರೆ ಸೆರಗಿನ ತುದಿಗೆ ಕುಚ್ಚು ಕಟ್ಟಿಸುತ್ತಾರಲ್ಲ, ನೂಲು ಬಿಚ್ಚಿಕೊಳ್ಳಬಾರದು ಅಂತ. ನಮ್ಮ ಜೀವಕೋಶದೊಳಗೆ ಡಿಎನ್‌ಎ ಸುತ್ತಿಕೊಂಡಿರುವ ವರ್ಣತಂತುಗಳ (ಕ್ರೋಮೋಸೋಮ್) ತುದಿಯಲ್ಲೂ ಅಂಥದ್ದೇ ಕುಚ್ಚು ಇದೆ. ಅದರ ಹೆಸರು ಟೆಲೊಮಿಯರ್. ಕೋಶ ಒಡೆದು ಎರಡಾದಾಗಲೆಲ್ಲ ಈ ಕುಚ್ಚು ಚೂರು ಸವೆಯುತ್ತದೆ. ತೀರಾ ಗಿಡ್ಡವಾದ ಮೇಲೆ ಆ ಕೋಶ ಮತ್ತೆ ಒಡೆಯುವುದಿಲ್ಲ. ಮನುಷ್ಯನ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿದರೆ ಸುಮಾರು 50 ಸಲ ಒಡೆದು ನಿಂತುಬಿಡುತ್ತವೆ ಅಂತ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲೇ ತೋರಿಸಿದ್ದರು. ಕುಚ್ಚಿನ ಕೆಲಸ ಏನು, ಅದನ್ನು ಮತ್ತೆ ಹೆಣೆಯುವ ಕಿಣ್ವ ಯಾವುದು ಅಂತ ಕಂಡುಹಿಡಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಮತ್ತು ಜ್ಯಾಕ್ ಷೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

ತೂಕದ ಮಾತು ಇಲ್ಲಿ ಹೇಗೆ ಬಂತು? ಲಂಡನ್ನಿನಲ್ಲಿ 1,122 ಹೆಂಗಸರ ರಕ್ತದ ಬಿಳಿ ಕಣಗಳಲ್ಲಿ ಈ ಕುಚ್ಚಿನ ಉದ್ದ ಅಳೆದರು. 2005ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಯಸ್ಸು ಒಂದೊಂದು ವರ್ಷ ಏರಿದ ಹಾಗೆ ಕುಚ್ಚು ಸರಾಸರಿ ಡಿಎನ್‌ಎಯ 27 ಜೋಡಿ ಅಕ್ಷರಗಳಷ್ಟು ಗಿಡ್ಡವಾಗಿತ್ತು. ಬೊಜ್ಜಿದ್ದವರಲ್ಲಿ ತೆಳ್ಳಗಿದ್ದವರಿಗಿಂತ 240 ಜೋಡಿ ಕಮ್ಮಿ ಇತ್ತು. ಲೆಕ್ಕ ಹಾಕಿದರೆ ಹೆಚ್ಚೂಕಮ್ಮಿ ಒಂಬತ್ತು ವರ್ಷದ ಸವೆತ. ಬೊಜ್ಜಿದ್ದವರೆಲ್ಲ ಒಂಬತ್ತು ವರ್ಷ ಬೇಗ ಸಾಯುತ್ತಾರೆ ಅಂತ ಇದರರ್ಥ ಅಲ್ಲ. ಎರಡೂ ಒಟ್ಟಿಗೆ ಕಂಡುಬಂದವು, ಅಷ್ಟೇ. ಒಬ್ಬೊಬ್ಬರಲ್ಲಿ ಹುಟ್ಟುವಾಗಲೇ ಕುಚ್ಚಿನ ಉದ್ದ ಬೇರೆ ಬೇರೆ ಇರುತ್ತದೆ.

ಇನ್ನೊಂದು ಲೆಕ್ಕ ಇದೆ. ಡಿಎನ್‌ಎ ಮೇಲೆ ವಯಸ್ಸಿಗೆ ತಕ್ಕ ಹಾಗೆ ಕೂರುವ ಸಣ್ಣ ರಾಸಾಯನಿಕ ಗುರುತುಗಳನ್ನು ಓದಿ ವಯಸ್ಸು ಹೇಳುವ ವಿಧಾನವನ್ನು ಸ್ಟೀವ್ ಹೋರ್ವತ್ 2013ರಲ್ಲಿ ಪ್ರಕಟಿಸಿದರು. ಮರುವರ್ಷ ಅವರ ತಂಡವೇ ಲಿವರ್ ಕೋಶಗಳನ್ನು ನೋಡಿತು. ಬಿಎಂಐ (ಕೆಜಿಯಲ್ಲಿ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕ) ಪ್ರತಿ 10 ಅಂಕ ಏರಿದಾಗ ಲಿವರಿನ ವಯಸ್ಸು 3.3 ವರ್ಷ ಮುಂದೆ ಹೋಗಿತ್ತು. ನನಗೆ ಇದು ಟೆಲೊಮಿಯರ್ ಲೆಕ್ಕಕ್ಕಿಂತ ಜಾಸ್ತಿ ಮನಸ್ಸಿಗೆ ನಾಟಿತು. ಯಾಕೆಂದರೆ ಹೊಟ್ಟೆಯೊಳಗಿನ ಕೊಬ್ಬಿನಿಂದ ಹೊರಟ ರಕ್ತದ ಬಹುಪಾಲು ಮೊದಲು ಮುಟ್ಟುವುದೇ ಲಿವರನ್ನು.

ಒಳಗೆ ಆಗೋದು ಹೀಗೆ. ಕೊಬ್ಬಿನ ಕೋಶ ಊದುತ್ತಾ ಹೋದ ಹಾಗೆ ಅದಕ್ಕೆ ಆಮ್ಲಜನಕ ಸಾಲದು. ಅದು ನರಳುತ್ತದೆ. ಅಲ್ಲಿಗೆ ರೋಗನಿರೋಧಕ ಕಣಗಳು ಬಂದು ಗುಂಪುಗೂಡುತ್ತವೆ. ಅವು ಸುರಿಸುವ ರಾಸಾಯನಿಕಗಳಿಂದ ಸಣ್ಣ ಉರಿಯೂತ ಶುರುವಾಗುತ್ತದೆ. ಜ್ವರ ಇಲ್ಲ, ನೋವಿಲ್ಲ, ವರ್ಷಗಟ್ಟಲೆ ಹಾಗೇ ಒಳಗೊಳಗೇ ಉರಿಯುತ್ತದೆ. ಈ ನಡುವೆ ಕೆಲವು ಕೋಶ ಮುಪ್ಪಾಗಿ ಒಡೆಯುವುದನ್ನು ನಿಲ್ಲಿಸುತ್ತವೆ, ಆದರೆ ಸಾಯುವುದೂ ಇಲ್ಲ. ಈರುಳ್ಳಿ ಮೂಟೆಯಲ್ಲಿ ಒಂದು ಕೊಳೆತರೆ ಪಕ್ಕದ್ದಕ್ಕೂ ತಗುಲುತ್ತದಲ್ಲ, ಹಾಗೆ ಅವು ಸುತ್ತಲಿನ ಒಳ್ಳೆ ಕೋಶಗಳನ್ನೂ ಕೆಡಿಸುತ್ತವೆ.

ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಎಷ್ಟು ಕೆಜಿ ಅಂತ ಅಲ್ಲ. ಕೊಬ್ಬು ಎಲ್ಲಿದೆ, ಮಾಂಸಖಂಡ ಉಳಿದಿದೆಯಾ ಅಂತ.

ಹೆಜ್ಜೆ 1: ಟೇಪು ತನ್ನಿ

ದರ್ಜಿಗಳು ಬಳಸುವ ಬಟ್ಟೆ ಟೇಪು ಸಾಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಶೌಚ ಮುಗಿಸಿದ ಮೇಲೆ, ನಿಂತು ಅಳೆಯಿರಿ. ಪಕ್ಕೆಯ ಕಡೇ ಎಲುಬನ್ನು ಬೆರಳಿನಿಂದ ಹುಡುಕಿ. ಕೆಳಗೆ ಸೊಂಟದ ಮೂಳೆಯ ಮೇಲಂಚು ಹುಡುಕಿ. ಇವೆರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಪ್ಯಾಂಟ್ ಕಟ್ಟುವ ಜಾಗ ಬೇರೆ, ಇದು ಬೇರೆ. ಹೊಟ್ಟೆ ಇಳಿಬಿದ್ದವರು ಪ್ಯಾಂಟನ್ನು ಅದರ ಕೆಳಗೆ ಕಟ್ಟಿಕೊಂಡು "ನಂದು ಇನ್ನೂ 34 ಇಂಚೇ" ಅಂದುಕೊಂಡಿರುತ್ತಾರೆ. ಟೇಪು ಹಿಂದೆ ಜಾರದ ಹಾಗೆ ಯಾರಿಗಾದರೂ ನೋಡಲು ಹೇಳಿ. ಹೊಟ್ಟೆ ಎಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ, ಎರಡು ಸಲ ಅಳೆದು ಬರೆದಿಡಿ.

ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಅನ್ನುತ್ತಾರೆ. ಇನ್ನೂ ಸುಲಭದ ಲೆಕ್ಕ ಬೇಕಾ? ನಿಮ್ಮ ಎತ್ತರದ ಅರ್ಧಕ್ಕಿಂತ ಸೊಂಟ ಕಮ್ಮಿ ಇರಬೇಕು. ನನ್ನ ಎತ್ತರ 166 ಸೆಂ.ಮೀ. ಅಂದರೆ ಸೊಂಟ 83ರೊಳಗೆ ಇರಬೇಕಿತ್ತು. ಇದ್ದದ್ದು 94. ಆದರೆ ನನ್ನ ಬಿಎಂಐ ಬರೀ 23.2!

ಬಿಎಂಐ ನಮಗೆ ಯಾಕೆ ಸಾಲದು ಅನ್ನೋದಕ್ಕೆ ಒಳ್ಳೆಯ ಉದಾಹರಣೆ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಇಬ್ಬರೂ ಪಕ್ಕಪಕ್ಕ ನಿಂತ ಫೋಟೋ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿ ಕೊಬ್ಬು ಎಷ್ಟು ಅಂತ ಅಳೆದರೆ ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ನಮ್ಮವರು ನೋಡೋಕೆ ತೆಳ್ಳಗಿದ್ದರೂ ಒಳಗೆ ಕೊಬ್ಬು ಜಾಸ್ತಿ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮಡಕೆ. ಇದಕ್ಕೇ ಭಾರತದಲ್ಲಿ ಅಧಿಕ ತೂಕ ಅನ್ನೋದನ್ನು ಬಿಎಂಐ 23ರಿಂದಲೇ, ಬೊಜ್ಜು ಅನ್ನೋದನ್ನು 25ರಿಂದಲೇ ಲೆಕ್ಕ ಹಾಕುತ್ತಾರೆ. ಪಾಶ್ಚಾತ್ಯರಿಗೆ ಇದು 25 ಮತ್ತು 30. ಫೋನಿನ ಆ್ಯಪ್‌ಗಳು ಎಷ್ಟೋ ಸಲ ಅವರ ಲೆಕ್ಕದಲ್ಲೇ "ನೀವು ನಾರ್ಮಲ್" ಅಂತ ಹಸಿರು ಬಣ್ಣ ತೋರಿಸುತ್ತವೆ. ಅದನ್ನು ನಂಬಿ ಕೂರಬೇಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದಾದ್ಯಂತ ಮಾಡಿಸಿದ ಸಮೀಕ್ಷೆ 2023ರಲ್ಲಿ ಹೊರಬಂತು. ಅದರಲ್ಲಿ ಬಿಎಂಐ ಪ್ರಕಾರ ಬೊಜ್ಜಿದ್ದವರು ಶೇ 28.6. ಹೊಟ್ಟೆ ಅಳೆದಾಗ ಶೇ 39.5. ಎರಡರ ನಡುವಿನ ಅಂತರ ನೋಡಿ. ನಾನು ಆ ಅಂತರದೊಳಗೇ ಇದ್ದೆ.

ಹೆಜ್ಜೆ 2: ಕುರ್ಚಿಯಿಂದ ಐದು ಸಲ ಏಳಿ

ಊಟದ ಮೇಜಿನ ಕುರ್ಚಿ ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಪೂರ್ತಿ ಎದ್ದು ನಿಲ್ಲುವುದು, ಮತ್ತೆ ಕೂರುವುದು. ಹೀಗೆ ಐದು ಸಲ, ಆದಷ್ಟು ಬೇಗ. ಮನೆಯವರು ಫೋನಿನಲ್ಲಿ ಸೆಕೆಂಡ್ ನೋಡಲಿ. ವಯಸ್ಸಾದವರಲ್ಲಿ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಂದಿದೆ ಅಂತ ಏಷ್ಯಾದ ತಜ್ಞರ ತಂಡ 2019ರಲ್ಲಿ ಹೇಳಿದೆ. ಮೊಣಕಾಲು ನೋವಿದ್ದವರು, ತಲೆ ಸುತ್ತುವವರು ಇದನ್ನು ಒಬ್ಬರೇ ಮಾಡಬೇಡಿ.

ಹಾಗೇ ಮೀನಖಂಡದ ದಪ್ಪನೆಯ ಜಾಗಕ್ಕೆ ಟೇಪು ಸುತ್ತಿ. ಗಂಡಸರಿಗೆ 34 ಸೆಂ.ಮೀ.ಗಿಂತ, ಹೆಂಗಸರಿಗೆ 33ಕ್ಕಿಂತ ಕಮ್ಮಿ ಇದ್ದರೆ ಮಾಂಸಖಂಡದ ಕಡೆ ಗಮನ ಕೊಡಬೇಕು. ಇದೂ ಅದೇ ತಂಡದ ಅಳತೆ. ನಮ್ಮಮ್ಮನಿಗೆ ಎಪ್ಪತ್ತಾರು. ಅವರ ಮೀನಖಂಡ ಅಳೆದೆ, 28 ಬಂತು. ತೂಕ ಇಳಿಸಬೇಕು ಅಂತ ರಾತ್ರಿ ಊಟ ಬಿಟ್ಟು ಎರಡು ಬಾಳೆಹಣ್ಣು ತಿಂದು ಮಲಗುತ್ತಿದ್ದರು ಪಾಪ. ಅವತ್ತಿನಿಂದ ಅದನ್ನು ನಿಲ್ಲಿಸಿದೆವು. ಆ ವಯಸ್ಸಿನಲ್ಲಿ ಉಳಿಸಿಕೊಳ್ಳಬೇಕಾದ್ದು ಕಾಲಿನ ಬಲ.

ಹೆಜ್ಜೆ 3: ದುಬಾರಿ ಟೆಸ್ಟ್ ಬೇಡ, ಮಾಮೂಲಿ ಟೆಸ್ಟ್ ಸಾಕು

ನಮ್ಮ ನೆಂಟರೊಬ್ಬರು ಸಾವಿರಾರು ರೂಪಾಯಿ ಕೊಟ್ಟು "ಜೀವಕೋಶದ ವಯಸ್ಸು" ಹೇಳುವ ಟೆಸ್ಟ್ ಮಾಡಿಸಿಕೊಂಡರು. ಅವರ ನಿಜವಾದ ವಯಸ್ಸು 47, ವರದಿಯಲ್ಲಿ 55 ಅಂತ ಬಂತು. ಜೊತೆಗೇ ಅದೇ ಜಾಗದವರು ಮಾತ್ರೆಗಳ ಡಬ್ಬಿಯನ್ನೂ ಮಾರಿದರು. ಎರಡು ತಿಂಗಳು ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ನನಗೆ ಇದು ತುಂಬಾ ನೋವು ಕೊಟ್ಟಿತು. ಈ ಅಳತೆಗಳು ಸಾವಿರಾರು ಜನರ ಸರಾಸರಿ ನೋಡೋಕೆ ಚೆನ್ನ. ಒಬ್ಬ ವ್ಯಕ್ತಿಯ ಒಂದು ದಿನದ ರಕ್ತ ನೋಡಿ ಹಣೆಬರಹ ಹೇಳೋಕಲ್ಲ.

ಅದರ ಬದಲು ಇಷ್ಟು ಮಾಡಿಸಿ: ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಟೆಸ್ಟ್), ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್, ಬಿಪಿ, ಲಿವರಿನ ಎಸ್‌ಜಿಪಿಟಿ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ. ಟ್ರೈಗ್ಲಿಸರೈಡ್ 150 ದಾಟಿ, ಸೊಂಟವೂ ಗೆರೆ ದಾಟಿದ್ದರೆ ಹೊಟ್ಟೆಯೊಳಗಿನ ಕೊಬ್ಬಿನ ಮೇಲೆ ಅನುಮಾನ ಪಡಬಹುದು. ವರದಿಯನ್ನು ಮನೆ ಹತ್ತಿರದ ಡಾಕ್ಟರಿಗೆ ತೋರಿಸಿ. ಆಮೇಲೆ ಮುಂದಿನ ಹೆಜ್ಜೆ.

ಹೆಜ್ಜೆ 4: ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ

ನಮ್ಮ ಊಟದ ತೊಂದರೆ ಇರೋದು ಇಲ್ಲಿ. ಐದು ಜನರ ಸಾರಿಗೆ ಒಂದು ಹಿಡಿ ತೊಗರಿಬೇಳೆ ಹಾಕುತ್ತೇವೆ. ಸಾರು ಬಡಿಸುವಾಗ ಸೌಟು ಮೇಲಿನ ತಿಳಿಯಲ್ಲೇ ಆಡುತ್ತದೆ. ಬೇಳೆ ತಳದಲ್ಲೇ ಉಳಿಯುತ್ತದೆ. ತಟ್ಟೆಯಲ್ಲಿ ಅನ್ನದ ಗುಡ್ಡೆ, ಅದರ ಮೇಲೆ ಹುಳಿನೀರು, ಪಕ್ಕದಲ್ಲಿ ಹಪ್ಪಳ. ಹೊಟ್ಟೆ ತುಂಬುತ್ತದೆ. ಮಾಂಸಖಂಡಕ್ಕೆ ಬೇಕಾದ್ದು ಮಾತ್ರ ಸಿಗುವುದಿಲ್ಲ. ದೇಶದ ಸರಾಸರಿ ನೋಡಿದರೂ ನಾವು ತಿನ್ನುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಬರೀ ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ.

ಹಾಗಾಗಿ ಊಟ ಕಮ್ಮಿ ಮಾಡುವ ಮೊದಲು ಬೇಳೆ ಜಾಸ್ತಿ ಮಾಡಿ. ಈ ಕ್ರಮವೇ ಮುಖ್ಯ. ನಾನು ಮೊದಲು ಉಲ್ಟಾ ಮಾಡಿದ್ದೆ. ಅನ್ನ ಅರ್ಧ ಮಾಡಿದೆ, ಬೇರೇನೂ ಸೇರಿಸಲಿಲ್ಲ. ಹನ್ನೊಂದು ಗಂಟೆಗೆ ಕೈ ನಡುಗುವಷ್ಟು ಹಸಿವು, ಸಂಜೆ ಬೇಕರಿ ಮುಂದೆ ಕಾಲು ತಾನಾಗೇ ನಿಲ್ಲುತ್ತಿತ್ತು.

ಎಷ್ಟು ಬೇಕು? ಐಸಿಎಂಆರ್ 2020ರಲ್ಲಿ ಹೇಳಿದ್ದು ದೇಹದ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. 60 ಕೆಜಿ ಇದ್ದವರಿಗೆ ದಿನಕ್ಕೆ 50 ಗ್ರಾಂ ಆಯಿತು. ತೂಕ ಇಳಿಸುವವರಿಗೆ, ಅರವತ್ತು ದಾಟಿದವರಿಗೆ ಕೆಜಿಗೆ ಒಂದು ಗ್ರಾಂ ಅಥವಾ ಸ್ವಲ್ಪ ಮೇಲೆ ಇದ್ದರೆ ಒಳ್ಳೆಯದು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಜಾಸ್ತಿ ಮಾಡಬಾರದು.

ಅಡುಗೆಮನೆ ಲೆಕ್ಕದಲ್ಲಿ ಹೇಳುತ್ತೇನೆ. ಬೇಯಿಸುವ ಮೊದಲು 100 ಗ್ರಾಂ ತೊಗರಿಬೇಳೆ ಅಥವಾ ಹುರುಳಿಕಾಳಿನಲ್ಲಿ ಹೆಚ್ಚೂಕಮ್ಮಿ 22 ಗ್ರಾಂ. ಒಂದು ಮೊಟ್ಟೆಯಲ್ಲಿ 6. ಒಂದು ಲೋಟ ಹಾಲಿನಲ್ಲಿ 6ರಿಂದ 7. ಒಂದು ಹಿಡಿ ಕಡಲೆಕಾಯಿಬೀಜದಲ್ಲಿ 7. ಒಂದು ಬಟ್ಟಲು ಮೊಸರಿನಲ್ಲಿ 4ರಿಂದ 5. ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟು: ಸಾರಿಗೆ ಬೇಳೆ ಎರಡರಷ್ಟು ಹಾಕಿದೆವು, ವಾರಕ್ಕೆ ಎರಡು ದಿನ ಬಸ್ಸಾರು ಮಾಡಿ ಬಸಿದ ಕಾಳು ಸೊಪ್ಪಿನ ಪಲ್ಯವನ್ನೇ ತಟ್ಟೆಯ ಮುಖ್ಯ ಭಾಗ ಮಾಡಿಕೊಂಡೆವು, ಅನ್ನ ಅದರ ಪಕ್ಕಕ್ಕೆ ಬಂತು. ಬೆಳಿಗ್ಗೆ ಬರೀ ಉಪ್ಪಿಟ್ಟಿನ ಬದಲು ಹೆಸರುಕಾಳು ದೋಸೆ, ಅಥವಾ ಉಪ್ಪಿಟ್ಟಿನ ಜೊತೆ ಎರಡು ಮೊಟ್ಟೆ. ಮಾಂಸ ತಿನ್ನುವವರಿಗೆ ಕೋಳಿ, ಮೀನು ಇದ್ದೇ ಇದೆ. ಎಣ್ಣೆಯಲ್ಲಿ ಕರಿದ ಕಬಾಬ್ ಬಿಟ್ಟು ಸಾರು ಮಾಡಿಕೊಳ್ಳಿ.

ರಾಗಿ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ತೂಕ ಇಳಿಯುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರು ಇದೆ, ನನಗೂ ಇಷ್ಟ. ಆದರೆ 100 ಗ್ರಾಂ ರಾಗಿಹಿಟ್ಟಿಗೂ 100 ಗ್ರಾಂ ಅಕ್ಕಿಗೂ ಕ್ಯಾಲೊರಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಹೊಲದಲ್ಲಿ ದುಡಿಯುವವರು ತಿನ್ನುತ್ತಿದ್ದ ಗಾತ್ರದ ಮುದ್ದೆಯನ್ನು ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರು ತಿಂದರೆ ಹೊಟ್ಟೆ ಬರುತ್ತದೆ. ಕಿತ್ತಳೆ ಗಾತ್ರದ್ದು ಒಂದು ಸಾಕು.

ಬೇಳೆ, ಕಾಳು ಸರಿಯಾದ ಮೇಲೆ ಈಗ ಕಮ್ಮಿ ಮಾಡುವ ಮಾತು. ಅಮೆರಿಕದಲ್ಲಿ ಕ್ಯಾಲರಿ ಅನ್ನೋ ಹೆಸರಿನ ಪ್ರಯೋಗ ನಡೆಯಿತು. ಬೊಜ್ಜಿಲ್ಲದ ಆರೋಗ್ಯವಂತರೇ ಎರಡು ವರ್ಷ ಊಟ ಕಮ್ಮಿ ಮಾಡಿದರು. ಗುರಿ ಶೇ 25 ಇತ್ತು, ಆದದ್ದು ಶೇ 12ರಷ್ಟು. ಅಷ್ಟಕ್ಕೇ ಅವರ ಡಿಎನ್‌ಎ ಗುರುತುಗಳ ಪ್ರಕಾರ ವಯಸ್ಸಾಗುವ ವೇಗ ಶೇ 2ರಿಂದ 3ರಷ್ಟು ತಗ್ಗಿತ್ತು ಅಂತ 2023ರಲ್ಲಿ ವರದಿ ಬಂತು. ಸಣ್ಣ ಬದಲಾವಣೆಯೇ, ಆದರೂ ನಿಜವಾದದ್ದು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಶೇ 12 ಅಂದರೆ 240. ಅದು ಸಂಜೆ ಚಹಾದ ಜೊತೆ ತಿನ್ನುವ 50 ಗ್ರಾಂ ಖಾರದ ಮಿಕ್ಸ್ಚರ್, ಅಷ್ಟೇ. ಉಪವಾಸ ಮಾಡೋದು ಬೇಡ, ಊಟ ಬಿಡೋದು ಬೇಡ. ಆ ಡಬ್ಬಿಯನ್ನು ಮನೆಗೆ ತರದೇ ಇದ್ದರೆ ಸಾಕು.

ಪೊಟ್ಟಣದ ತಿಂಡಿ ಯಾಕೆ ಅಷ್ಟು ಕೆಟ್ಟದ್ದು ಅಂದರೆ, ಅದು ಎಷ್ಟು ತಿಂದರೂ ಸಾಕು ಅನ್ನಿಸುವುದಿಲ್ಲ. ಅಮೆರಿಕದ ಕೆವಿನ್ ಹಾಲ್ 2019ರಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಆಹಾರ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಕಾರ್ಖಾನೆಯ ಆಹಾರ ಇದ್ದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು.

ಹೆಜ್ಜೆ 5: ಊಟ ಆದ ಮೇಲೆ ನಡೆಯಿರಿ, ವಾರಕ್ಕೆ ಎರಡು ದಿನ ಭಾರ ಎತ್ತಿ

ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದಲ್ಲಿ ಏರುವ ಸಕ್ಕರೆ ಕಮ್ಮಿಯಾಗುತ್ತದೆ. ರಾತ್ರಿ ಊಟದ ನಂತರ ಇದು ಇನ್ನೂ ಮುಖ್ಯ, ಯಾಕೆಂದರೆ ಆಗ ನಾವು ಸೋಫಾದ ಮೇಲೆ ಕೂತರೆ ಮತ್ತೆ ಏಳುವುದು ಮಲಗೋಕೆ. ವಾರಕ್ಕೆ ಒಟ್ಟು 150 ನಿಮಿಷವಾದರೂ ಚುರುಕಾಗಿ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚುರುಕು ಅಂದರೆ, ಮಾತಾಡಬಹುದು ಆದರೆ ಹಾಡೋಕೆ ಆಗಬಾರದು.

ಜರ್ಮನಿಯ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಆರು ತಿಂಗಳು, ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ ವ್ಯಾಯಾಮ. ಓಟ, ಅಥವಾ ಜೋರು ಮತ್ತು ನಿಧಾನ ಬೆರೆಸಿದ ಓಟ ಮಾಡಿದವರಲ್ಲಿ ಟೆಲೊಮಿಯರ್ ಉದ್ದವಾಗಿತ್ತು, ಅದನ್ನು ಹೆಣೆಯುವ ಕಿಣ್ವವೂ ಜಾಸ್ತಿಯಾಗಿತ್ತು. ಬರೀ ಯಂತ್ರಗಳಲ್ಲಿ ಭಾರ ಎತ್ತಿದವರಲ್ಲಿ ಅದು ಕಾಣಲಿಲ್ಲ. ಹಾಗಂತ ಭಾರ ಎತ್ತೋದು ಬಿಡಬೇಡಿ. ಕುಚ್ಚಿಗೆ ನಡಿಗೆ ಓಟ ಬೇಕು, ಮಾಂಸಖಂಡಕ್ಕೆ ಭಾರ ಬೇಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಜಿಮ್ ಬೇಕಿಲ್ಲ. ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ. ಗೋಡೆಗೆ ಕೈಯೂರಿ ದಂಡ ಹೊಡೆದ ಹಾಗೆ ಹತ್ತು ಸಲ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು ಹದಿನೈದು ಸಲ. ಎರಡು ಕೈಯಲ್ಲಿ ನೀರು ತುಂಬಿದ ಐದು ಲೀಟರ್ ಕ್ಯಾನ್ ಹಿಡಿದು ಮನೆಯೊಳಗೆ ನಾಲ್ಕು ಸುತ್ತು. ಇಷ್ಟನ್ನು ಎರಡು ಸರದಿ ಮಾಡಿ. ವಾರಕ್ಕೆ ಎರಡು ದಿನದಿಂದ ಶುರು ಮಾಡಿ, ಸುಲಭ ಅನ್ನಿಸಿದಾಗ ಎರಡೆರಡು ಏರಿಸಿ. ಕೆಳಗೆ ಮಣೆ ಹಾಕಿ ಕೂತು ಊಟ ಮಾಡಿ, ಕೈಯೂರದೆ ಏಳೋಕೆ ನೋಡಿ. ಹಿಂದೆ ಒರಳಲ್ಲಿ ರುಬ್ಬಿ, ಬಾವಿಯಿಂದ ನೀರು ಸೇದಿ ತಾನಾಗೇ ಆಗುತ್ತಿದ್ದ ಕೆಲಸ ಇದು. ಈಗ ಮಿಕ್ಸಿ, ಮೋಟಾರು ಬಂದ ಮೇಲೆ ಬೇರೆಯಾಗಿ ಮಾಡಬೇಕಾಗಿದೆ.

ಹೆಜ್ಜೆ 6: ನಿದ್ದೆ ಕದಿಯಬೇಡಿ

ಬೆಳಿಗ್ಗೆ ಐದಕ್ಕೆ ವಾಕಿಂಗ್ ಹೋಗಬೇಕು ಅಂತ ಹನ್ನೆರಡಕ್ಕೆ ಮಲಗಿ ಎದ್ದರೆ ಲಾಭಕ್ಕಿಂತ ನಷ್ಟ ಜಾಸ್ತಿ. ಷಿಕಾಗೊದಲ್ಲಿ 2010ರಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದರು. ಅದೇ ಜನ, ಅದೇ ಕಮ್ಮಿ ಊಟ. ಒಂದು ಸಲ ಎಂಟೂವರೆ ಗಂಟೆ ಹಾಸಿಗೆಯಲ್ಲಿ, ಇನ್ನೊಂದು ಸಲ ಐದೂವರೆ ಗಂಟೆ. ಇಳಿದ ತೂಕ ಎರಡೂ ಸಲ ಹತ್ತಿರ ಹತ್ತಿರ ಅಷ್ಟೇ. ಆದರೆ ನಿದ್ದೆಗೆಟ್ಟಾಗ ಕರಗಿದ ಕೊಬ್ಬು ಶೇ 55ರಷ್ಟು ಕಮ್ಮಿ! ಬದಲಿಗೆ ಮಾಂಸಖಂಡ ಕರಗಿತ್ತು. ತೂಕದ ಯಂತ್ರ ಇಲ್ಲೂ ವ್ಯತ್ಯಾಸ ಹೇಳುತ್ತಿರಲಿಲ್ಲ, ನೋಡಿ. ಏಳು ಗಂಟೆಯಾದರೂ ನಿದ್ದೆ ಇರಲಿ. ಗೊರಕೆ ಜೋರಾಗಿದ್ದು, ನಡುವೆ ಉಸಿರು ನಿಲ್ಲುತ್ತದೆ ಅಂತ ಮನೆಯವರು ಹೇಳಿದರೆ ಡಾಕ್ಟರಿಗೆ ತೋರಿಸಿ.

ಹೆಜ್ಜೆ 7: ನಿಧಾನವಾಗಿ ಇಳಿಸಿ, ಇಳಿಸಿದ್ದನ್ನು ಕಾಪಾಡಿ

"ತಿಂಗಳಿಗೆ ಹತ್ತು ಕೆಜಿ" ಅನ್ನುವ ಜಾಹೀರಾತುಗಳ ಹತ್ತಿರ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಇಳಿದ ತೂಕದಲ್ಲಿ ಹೆಚ್ಚೂಕಮ್ಮಿ ಕಾಲು ಭಾಗ ಮಾಂಸಖಂಡದಂಥ ಕೊಬ್ಬಲ್ಲದ ಭಾಗವೇ ಆಗಿರುತ್ತದೆ. ಬೇಗ ಇಳಿಸಿದಷ್ಟೂ ಅದು ಜಾಸ್ತಿ. ಆಮೇಲೆ ತೂಕ ವಾಪಸ್ ಬಂದಾಗ ಕೊಬ್ಬು ಬರುತ್ತದೆ, ಮಾಂಸಖಂಡ ಅಷ್ಟು ಸುಲಭವಾಗಿ ಬರುವುದಿಲ್ಲ. ಹೀಗೆ ಮೂರು ನಾಲ್ಕು ಸಲ ಏರಿಳಿದರೆ ತೂಕ ಮೊದಲಿನಷ್ಟೇ, ದೇಹ ಮಾತ್ರ ಬೇರೆ.

ವಾಪಸ್ ಬರುವುದಕ್ಕೆ ಮನಸ್ಸಿನ ದೌರ್ಬಲ್ಯ ಒಂದೇ ಕಾರಣ ಅಲ್ಲ. ಸ್ವೀಡನ್ನಿನ ವಿಜ್ಞಾನಿಗಳು ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಇಂಗಾಲ–14 ಬಳಸಿ ಕೊಬ್ಬಿನ ಕೋಶಗಳ ವಯಸ್ಸು ಲೆಕ್ಕ ಹಾಕಿದರು. 2008ರಲ್ಲಿ ಅವರು ಹೇಳಿದ್ದು: ದೊಡ್ಡವರಾದ ಮೇಲೆ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚೂಕಮ್ಮಿ ಅಷ್ಟೇ ಇರುತ್ತದೆ. ವರ್ಷಕ್ಕೆ ಶೇ 10ರಷ್ಟು ಹಳತು ಹೋಗಿ ಹೊಸತು ಬರುತ್ತದೆ. ತೂಕ ಇಳಿಸಿದಾಗ ಕೋಶ ಕುಗ್ಗುತ್ತದೆ, ಮಾಯವಾಗುವುದಿಲ್ಲ. 2024ರಲ್ಲಿ ಸ್ವಿಟ್ಜರ್ಲೆಂಡಿನ ತಂಡವೊಂದು ಇನ್ನೊಂದು ವಿಷಯ ಸೇರಿಸಿತು. ಬೊಜ್ಜು ಇಳಿದ ಮೇಲೂ ಕೊಬ್ಬಿನ ಕೋಶಗಳಲ್ಲಿ ಅದರ ನೆನಪು ಉಳಿದಿರುತ್ತದೆ. ಹಾಗಾಗಿ ಇಳಿಸಿದ ಮೇಲೆ ಮೊದಲ ಎರಡು ಮೂರು ವರ್ಷ ಎಚ್ಚರವಾಗಿರಿ. ಅರ್ಧ ಕೆಜಿ ವಾಪಸ್ ಬಂತು ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ವಾರಕ್ಕೆ ಅರ್ಧ ಕೆಜಿ ಮೀರದಿದ್ದರೆ ಒಳ್ಳೆಯದು. ಒಟ್ಟು ತೂಕದಲ್ಲಿ ಶೇ 5ರಿಂದ 7 ಇಳಿದರೂ ಫಲ ದೊಡ್ಡದು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದವರ ಮೇಲೆ ಅಮೆರಿಕದಲ್ಲಿ ಮಾಡಿದ ದೊಡ್ಡ ಅಧ್ಯಯನ 2002ರಲ್ಲಿ ಬಂತು. ಶೇ 7ರಷ್ಟು ತೂಕ ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಬರುವ ಸಂಭವ ಶೇ 58ರಷ್ಟು ತಗ್ಗಿತ್ತು. ನಮ್ಮ ಚೆನ್ನೈನ ಅಧ್ಯಯನ 2006ರಲ್ಲಿ ಬಂತು. ಅಲ್ಲಿ ತೂಕ ಅಷ್ಟೇನೂ ಇಳಿಯದೇ ಇದ್ದರೂ ಊಟ, ನಡಿಗೆ ಬದಲಾಯಿಸಿದವರಲ್ಲಿ ಶೇ 28.5ರಷ್ಟು ತಗ್ಗಿತ್ತು.

ಹಸಿವು ತಗ್ಗಿಸಿ ತೂಕ ಇಳಿಸುವ ಮೌಂಜಾರೊ, ವಿಗೋವಿ ಥರದ ಚುಚ್ಚುಮದ್ದು 2025ರಿಂದ ನಮ್ಮಲ್ಲೂ ಸಿಗುತ್ತಿವೆ. ಬೇಕಾದವರಿಗೆ ಅವು ನಿಜಕ್ಕೂ ಉಪಯೋಗ. ಆದರೆ ಹಸಿವೇ ಇಲ್ಲದಾಗ ಪ್ರೋಟೀನ್ ಕೂಡ ತಪ್ಪಿಹೋಗುತ್ತದೆ. ಡಾಕ್ಟರ್ ಬರೆದುಕೊಟ್ಟಿದ್ದರೆ ಹೆಜ್ಜೆ 4 ಮತ್ತು 5 ಇನ್ನೂ ಬಿಗಿಯಾಗಿ ಪಾಲಿಸಿ.

ಬಸುರಿಯರು, ಹಾಲೂಡಿಸುವವರು, ಬೆಳೆಯುವ ಮಕ್ಕಳು ಇದನ್ನು ನೋಡಿ ಊಟ ಕಮ್ಮಿ ಮಾಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಾಯಿಸುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಇಲ್ಲದಿದ್ದರೆ ಸಕ್ಕರೆ ಒಮ್ಮೆಲೇ ಇಳಿದುಬಿಡಬಹುದು.

ಹೆಜ್ಜೆ 8: ತಿಂಗಳಿಗೊಮ್ಮೆ ನೋಟ್‌ಬುಕ್‌ನಲ್ಲಿ ಬರೆಯಿರಿ

ದಿನಾ ಅಳೆಯಬೇಡಿ. ತಿಂಗಳ ಮೊದಲ ಭಾನುವಾರ ಸಾಕು. ಸೊಂಟ, ಮೀನಖಂಡ, ಕುರ್ಚಿಯ ಸೆಕೆಂಡ್, ಕೊನೆಯಲ್ಲಿ ತೂಕ. ನನ್ನ ನೋಟ್‌ಬುಕ್‌ನಲ್ಲಿ ಮೊದಲ ತಿಂಗಳು 94, 33, 14, 64 ಅಂತ ಇದೆ. ಏಳನೇ ತಿಂಗಳು 89, 34, 10, 62. ತೂಕ ಇಳಿದದ್ದು ಎರಡೇ ಕೆಜಿ, ಆದರೆ ಮೊದಲ ಮೂರು ಅಂಕಿ ನೋಡಿದಾಗ ಆಗುವ ಖುಷಿಯೇ ಬೇರೆ. 83 ಇನ್ನೂ ದೂರ ಇದೆ.

ಮೂರು ತಿಂಗಳ ಅಂಕಿ ಮುಂದಿಟ್ಟುಕೊಂಡು ಹೀಗೆ ಓದಿ. ಸೊಂಟ ಇಳಿದು ಮೀನಖಂಡ ಹಾಗೇ ಇದ್ದರೆ, ತೂಕ ಇಳಿಯದಿದ್ದರೂ ದಾರಿ ಸರಿ ಇದೆ, ಮುಂದುವರಿಸಿ. ಎರಡೂ ಇಳಿಯುತ್ತಿದ್ದರೆ ಕಾಳು, ಮೊಟ್ಟೆ, ಹಾಲು ಸಾಲುತ್ತಿಲ್ಲ, ಅಥವಾ ತುಂಬಾ ಅವಸರ ಮಾಡುತ್ತಿದ್ದೀರಿ. ಸೊಂಟ ಅಲ್ಲಾಡದೇ ಇದ್ದರೆ ಒಂದು ವಾರ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆಯಿರಿ. ಮದುವೆ ಮನೆಯ ಊಟ, ಆಫೀಸಿನ ಬಿಸ್ಕತ್ತು, ಮಕ್ಕಳು ಬಿಟ್ಟ ಚಪಾತಿ, ಪ್ರತಿ ಕಾಫಿಯ ಸಕ್ಕರೆ, ಎಲ್ಲ. ಮತ್ತೆ ನೀವು ಏನೂ ಮಾಡದೇ ಇದ್ದರೂ ಆರು ತಿಂಗಳಲ್ಲಿ ತೂಕ ಶೇ 5ರಷ್ಟು ಇಳಿದಿದ್ದರೆ, 60 ಕೆಜಿಯವರಿಗೆ ಅದು ಮೂರು ಕೆಜಿ, ಖುಷಿ ಪಡಬೇಡಿ. ಆ ನೋಟ್‌ಬುಕ್ ಹಿಡಿದುಕೊಂಡು ಅದೇ ವಾರ ಡಾಕ್ಟರ ಹತ್ತಿರ ಹೋಗಿ.